ಖಾಲಿ ಜಾಗದ ಪಟ್ಟಿ

ಎಲ್ಲ ಅನಾಹುತಕ್ಕೂ ಕಾರಣ ನೋಟಿಸಿನ ಕೊನೆಯ ಸಾಲು. ಅದೊಂದನ್ನು ಬರೆಯದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಎರಡೂವರೆಯೊಳಗೆ ಕೆಲಸ ಮುಗಿಸಿ ಬ್ಯಾಕಪ್ಪ ತಣ್ಣಗೆ ಕೂತಿರುತ್ತಿದ್ದ. ಆದರೆ ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವ ಹಾಗೆ, ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲ ಪಕ್ಕದ ಹಲಗೆಗೆ ಹೀಗೊಂದು ಕಾಗದ ಅಂಟಿಸಿದ:

"ಇಂದು ಮಧ್ಯಾಹ್ನ ಎರಡು ಗಂಟೆಗೆ ದೊಡ್ಡ ಕಂಪ್ಯೂಟರಿನಲ್ಲಿರುವ ಖಾಲಿ ಜಾಗದ ಹಳೆಯ ಪಟ್ಟಿಯನ್ನು ಅಳಿಸಿ ಹೊಸದನ್ನು ಮಾಡಲಾಗುವುದು. ಯಾರೂ ಗಾಬರಿಯಾಗಬಾರದು."

ಗಾಬರಿಯಾಗಬಾರದು ಎಂದು ಬರೆದು ಅಂಟಿಸಿದ ಮೇಲೆ ಗಾಬರಿಯಾಗದವರು ಉಂಟೆ?

ಅದು ಕಣ್ಣು ಕಾಣದವರಿಗಾಗಿ ಇದ್ದ ಧ್ವನಿಪುಸ್ತಕಗಳ ಗ್ರಂಥಾಲಯ. ಬಿಡುವಿದ್ದವರು ಬಂದು ಗಾಜಿನ ಕೋಣೆಯಲ್ಲಿ ಕೂತು ಪುಸ್ತಕ ಓದುತ್ತಾರೆ, ಅದು ರೆಕಾರ್ಡಾಗುತ್ತದೆ, ಕೇಳುವವರು ಫೋನ್ ಮಾಡಿ ಬೇಕಾದದ್ದನ್ನು ತರಿಸಿಕೊಳ್ಳುತ್ತಾರೆ. ಸಂಬಳದವರು ನಾಲ್ಕೇ ಜನ. ಎಲ್ಲರ ಮೇಲೆ ಮೇಡಂ. ಓದಿದವರ ತಪ್ಪು, ಕೆಮ್ಮು, ತೊದಲನ್ನೆಲ್ಲ ಕತ್ತರಿಸಿ ತೆಗೆದು ಪುಸ್ತಕವನ್ನು ನಯ ಮಾಡುವ ಎಡಿಟರು. ಅವರನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಫೋನ್ ಮೇಜಿನಲ್ಲಿ ಹುಟ್ಟಿನಿಂದಲೇ ಕಣ್ಣಿಲ್ಲದ ಫೋನಣ್ಣ. ಆತನ ಕಂಪ್ಯೂಟರು ಪರದೆಯ ಮೇಲಿದ್ದದ್ದನ್ನೆಲ್ಲ ಕಿವಿಗೆ ಓದಿ ಹೇಳುತ್ತಿತ್ತು. ಮೇಲಿನ ಮಹಡಿಯ ಚಿಕ್ಕ ಕೋಣೆಯಲ್ಲಿ ದೊಡ್ಡ ಕಂಪ್ಯೂಟರು, ಅದರ ಪಕ್ಕದಲ್ಲಿ ಬ್ಯಾಕಪ್ಪ.

ಬ್ಯಾಕಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಕಳೆದುಕೊಂಡು ಓಡಿ ಬಂದರೂ "ಬ್ಯಾಕಪ್ ಇದೆ, ಕೂತ್ಕೊಳ್ಳಿ" ಎಂದು ಹೇಳಿ ಹೇಳಿ ಬಂದದ್ದು. ಇಪ್ಪತ್ತೆರಡು ವರ್ಷದಲ್ಲಿ ಆ ಗ್ರಂಥಾಲಯದ ಒಂದು ಪುಟದ ದನಿಯೂ ಅವನ ಕೈಯಲ್ಲಿ ಕಳೆದುಹೋಗಿರಲಿಲ್ಲ.

ಈಗ ಆ ಪಟ್ಟಿಯ ವಿಚಾರ. ಡಿಸ್ಕಿನಲ್ಲಿ ಎಲ್ಲೆಲ್ಲಿ ಜಾಗ ಖಾಲಿಯಿದೆ ಎಂದು ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ನ ಫೈಲ್ ಸಿಸ್ಟಮ್ ಒಂದು ಪಟ್ಟಿ ಬರೆದಿಟ್ಟುಕೊಂಡಿರುತ್ತದೆ. ಹೊಸದೇನಾದರೂ ಬಂದರೆ ಡಿಸ್ಕನ್ನೆಲ್ಲ ತಡಕಾಡದೆ ಪಟ್ಟಿ ನೋಡಿ ಜಾಗ ಕೊಡುತ್ತದೆ. ಕಂಪ್ಯೂಟರಿನವರು ಅದಕ್ಕೆ ಕ್ಯಾಶೆ ಎನ್ನುತ್ತಾರೆ. ಈ ಪಟ್ಟಿ ಬರೆಯುವ ಹಳೆಯ ಪದ್ಧತಿಗೆ ವಯಸ್ಸಾಗಿತ್ತು, ಅದನ್ನು ಕಟ್ಟಿದವರೇ ಇನ್ನು ಸಾಕೆಂದು ಕೈಬಿಟ್ಟಿದ್ದರು. ಹೊಸ ಪದ್ಧತಿಗೆ ಬದಲಾಗುವುದು ದೊಡ್ಡ ಕೆಲಸವೂ ಅಲ್ಲ. ಡಿಸ್ಕನ್ನು ಒಮ್ಮೆ ಕಂಪ್ಯೂಟರಿನಿಂದ ಬಿಡಿಸಬೇಕು, ಹಳೇ ಪಟ್ಟಿ ಅಳಿಸಬೇಕು, ಮತ್ತೆ ಜೋಡಿಸಬೇಕು. ಅದು ತಾನೇ ಎಲ್ಲವನ್ನೂ ಹೊಸದಾಗಿ ಎಣಿಸಿ ಬರೆದುಕೊಳ್ಳುತ್ತದೆ. ಒಳಗಿರುವ ಪುಸ್ತಕಗಳಿಗೆ ಏನೂ ಆಗುವುದಿಲ್ಲ.

ಆದರೆ ಕೇಂದ್ರ ಕಚೇರಿಯ ಪತ್ರ ಖಡಾಖಂಡಿತವಾಗಿತ್ತು. ಆ ದಿನ ಸಂಜೆ ನಾಲ್ಕರೊಳಗೆ ಬದಲಾಗದ ಕಂಪ್ಯೂಟರುಗಳನ್ನು ಲೈನಿನಿಂದ ಕತ್ತರಿಸಲಾಗುವುದು, ಅವರ ಮನುಷ್ಯ ಬಂದು ನೋಡುವವರೆಗೆ ಒಂದು ತಿಂಗಳು ಕಾಯತಕ್ಕದ್ದು. ಬದಲಾಗುವ ಮುನ್ನ ಡಿಸ್ಕಿನಲ್ಲಿ ನಲವತ್ತೈದು ಜಿಬಿಯಾದರೂ ಖಾಲಿಯಿರತಕ್ಕದ್ದು. ಬೆಳಿಗ್ಗೆ ಬ್ಯಾಕಪ್ಪ ನೋಡಿದಾಗ ನೂರ ಮೂವತ್ತು ಖಾಲಿಯಿತ್ತು. ಬೇಕಾದ್ದಕ್ಕಿಂತ ಮೂರು ಪಟ್ಟಿನ ಹತ್ತಿರ ಇದೆಯೆಂದು ಅವನು ನಿಶ್ಚಿಂತನಾಗಿದ್ದ.

ಅದೇ ಡಿಸ್ಕಿನಲ್ಲಿ ಅವನದೂ ಒಂದು ಗುಟ್ಟು ಇತ್ತು.

ಅವನ ಹೆಂಡತಿ ಹನ್ನೊಂದು ವರ್ಷ ಅಲ್ಲಿ ಓದಿದವಳು, ನಲವತ್ಮೂರು ಪುಸ್ತಕ. ಹತ್ತು ತಿಂಗಳ ಹಿಂದೆ ಕಾಯಿಲೆ ಬಂದು ಮೂರೇ ವಾರಕ್ಕೆ ಹೋಗಿಬಿಟ್ಟಳು. ಪುಸ್ತಕಗಳೇನೋ ಗ್ರಂಥಾಲಯದಲ್ಲಿ ಭದ್ರವಾಗಿದ್ದವು. ಆದರೆ ಅವೆಲ್ಲ ಕತ್ತರಿಯಕ್ಕನ ಕೈಯಲ್ಲಿ ನಯವಾದವು. ಅವುಗಳಲ್ಲಿ ಅವಳು ಒಂದು ಸಲವೂ ತಪ್ಪುವುದಿಲ್ಲ, ನಗುವುದಿಲ್ಲ. ಕತ್ತರಿಸುವ ಮುಂಚಿನ ಹಸಿ ರೆಕಾರ್ಡಿಂಗುಗಳಲ್ಲಿ ಬೇರೆಯೇ ಒಬ್ಬಳಿದ್ದಳು. "ಥೂ, ಮತ್ತೆ ತಪ್ಪಿತು" ಎನ್ನುವಳು. "ರೀ, ಆ ಫ್ಯಾನು ಆರಿಸ್ರೀ" ಎಂದು ಗಾಜಿನಾಚೆ ಇದ್ದ ಗಂಡನಿಗೆ ಕೂಗುವಳು. "ಈ ನಾಯಕನಿಗೆ ಸ್ವಲ್ಪವೂ ಬುದ್ಧಿ ಇಲ್ಲ, ಥೇಟು ನಿಮ್ಮ ಹಾಗೇ" ಎಂದು ಪುಸ್ತಕದ ನಡುವೆಯೇ ನಗುವಳು. ಪುಸ್ತಕದಲ್ಲಿದ್ದವಳು ಊರವರಿಗೆಲ್ಲ ಸೇರಿದವಳು, ಈ ಹಸಿ ರೆಕಾರ್ಡಿಂಗಿನಲ್ಲಿದ್ದವಳು ಅವನ ಹೆಂಡತಿ.

ಹಸಿ ರೆಕಾರ್ಡಿಂಗುಗಳನ್ನು ಉಳಿಸಿಕೊಳ್ಳುವಂತಿಲ್ಲ ಎಂಬುದು ಮೇಡಂ ಮಾಡಿದ ನಿಯಮ. ಪುಸ್ತಕ ಮುಗಿದ ದಿನವೇ ಅಳಿಸಬೇಕು. ಬ್ಯಾಕಪ್ಪ ಒಂದನ್ನೂ ಅಳಿಸಿರಲಿಲ್ಲ. ನಲವತ್ತೆರಡು ಜಿಬಿಯಷ್ಟು ಹೆಂಡತಿಯನ್ನು ಒಂದು ಫೋಲ್ಡರಿಗೆ ತುಂಬಿ, ಅದಕ್ಕೆ ಕಂಪ್ಯೂಟರಿನ ಹಳೇ ದಿನಚರಿಯೇನೋ ಎನ್ನುವ ಹಾಗೆ 'ಹಳೇ ಲಾಗ್, ಬೇಡದ್ದು' ಎಂದು ಹೆಸರಿಟ್ಟು ಎಲ್ಲರ ಕಣ್ಣೆದುರೇ ಬಚ್ಚಿಟ್ಟಿದ್ದ. ಅದಕ್ಕೆ ಮಾತ್ರ ಬ್ಯಾಕಪ್ ಇರಲಿಲ್ಲ. ಬ್ಯಾಕಪ್ ಟೇಪುಗಳು ಕೇಂದ್ರ ಕಚೇರಿಗೆ ಹೋಗುತ್ತಿದ್ದವು, ಅಲ್ಲಿ ಒಂದೊಂದನ್ನೂ ತೆರೆದು ನೋಡುತ್ತಿದ್ದರು. ಮನೆಗೆ ಒಯ್ಯೋಣವೆಂದರೆ ಪುಸ್ತಕ ಹೊರಗೆ ಸೋರಬಾರದೆಂದು ಪ್ರಕಾಶಕರು ಕರಾರು ಮಾಡಿಸಿಕೊಂಡಿದ್ದರು. ಪೆನ್ ಡ್ರೈವ್ ಚುಚ್ಚುವ ತೂತುಗಳಿಗೆಲ್ಲ ಅರಗಿನ ಮುದ್ರೆ. ಅಳಿಸಿದ್ದನ್ನು ಮತ್ತೆ ಯಾರೂ ಎತ್ತಲಾಗದಂತೆ ಡಿಸ್ಕು ತಾನೇ ಒರೆಸಿ ಹಾಕಬೇಕೆಂಬುದೂ ಅದೇ ಕರಾರಿನಲ್ಲಿತ್ತು. ಆ ಏರ್ಪಾಟನ್ನು ಅಚ್ಚುಕಟ್ಟಾಗಿ ಮಾಡಿದವನು ಬ್ಯಾಕಪ್ಪನೇ.

ದಿನಾ ಊಟದ ಹೊತ್ತಿಗೆ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಡಬ್ಬಿಯ ಅನ್ನ ತಿನ್ನುತ್ತ ಒಂದಿಷ್ಟು ಹೊತ್ತು ಅವಳನ್ನು ಕೇಳುವನು. ಯಾರಿಗೂ ಗೊತ್ತಿಲ್ಲವೆಂದು ಅವನ ನಂಬಿಕೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದೂ ಅದೇ ನಂಬಿಕೆಯಿಂದ.

ಹತ್ತು ಗಂಟೆಗೆ ಮೇಡಂ ಕರೆಸಿದರು. ನೋಟಿಸು ಹಲಗೆಯಿಂದ ಕಿತ್ತುಬಂದು ಅವರ ಮೇಜಿನ ಮೇಲಿತ್ತು.

"ಏನ್ರೀ ಬ್ಯಾಕಪ್ಪ, ಪಟ್ಟಿ ಅಳಿಸ್ತೀರಂತೆ. ಅಳಿಸೋ ಮೊದಲು ಅದರ ಎರಡು ಪ್ರತಿ ತೆಗೆದು ಫೈಲಿಗೆ ಹಾಕಿ."

"ಮೇಡಂ, ಅದು ಖಾಲಿ ಜಾಗಗಳ ಪಟ್ಟಿ. ಅದರಲ್ಲಿ ಏನೂ ಇರಲ್ಲ."

"ಏನೂ ಇಲ್ದೇ ಇರೋದಕ್ಕೆ ಪಟ್ಟಿ ಯಾಕ್ರೀ ಮಾಡಿದ್ರಿ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗ ಕತ್ತರಿಯಕ್ಕ ಬಾಗಿಲಲ್ಲಿ ಬಂದು ನಿಂತರು. ಅವರ ಹಿಂದೆ, ಗೋಡೆ ಸವರಿಕೊಂಡು, ಫೋನಣ್ಣ.

"ಇದರಿಂದ ಬೇರೆ ಏನೂ ಅಳಿಸಿ ಹೋಗಲ್ಲ ತಾನೆ?" ಕತ್ತರಿಯಕ್ಕ ಕೇಳಿದರು. "ಅಂದ್ರೆ... ಹಳೇ ಸಾಮಾನು, ಲಾಗು ಗೀಗು, ಅಂಥದ್ದೆಲ್ಲ?"

ಬ್ಯಾಕಪ್ಪ ಮುಖ ಗಟ್ಟಿ ಮಾಡಿಕೊಂಡು, ಎಲ್ಲರಿಗೂ ತಿಳಿಯುವಂತೆ ಒಂದು ಹೋಲಿಕೆ ಕೊಟ್ಟ. ಅಂದು ಅವನು ಮಾಡಿದ ಎರಡನೆಯ ತಪ್ಪು ಅದು.

"ನೋಡಿ ಅಕ್ಕಾ, ಒಂದು ಲಾಡ್ಜು ಅಂತ ಇಟ್ಕೊಳ್ಳಿ. ಯಾವ ರೂಮು ಖಾಲಿ ಇದೆ ಅಂತ ಮ್ಯಾನೇಜರ್ ಹತ್ರ ಒಂದು ಚೀಟಿ ಇದೆ. ಆ ಚೀಟಿ ಹಳೇದಾಯ್ತು, ಹರಿದು ಹಾಕಿ ಬೇರೆ ಬರೀತಾನೆ. ರೂಮಲ್ಲಿ ಇರೋರಿಗೆ ಏನು ತೊಂದರೆ?"

ಫೋನಣ್ಣ ತಲೆ ಓರೆ ಮಾಡಿ ಯೋಚಿಸಿದ. "ಚೀಟಿ ಹರಿದ ಮೇಲೆ, ಜನ ಇರೋ ರೂಮನ್ನೇ ಖಾಲಿ ಅಂದ್ಕೊಂಡು ಇನ್ನೊಬ್ರಿಗೆ ಬೀಗದ ಕೈ ಕೊಟ್ಬಿಟ್ರೆ?"

"ಹಾಗಾಗಲ್ಲಪ್ಪ. ಒಂದೊಂದು ರೂಮೂ ಹೊಸದಾಗಿ ನೋಡಿ ಬರೆಯುತ್ತೆ."

"ಬೇಡದ್ದು ಅಂತ ಹೆಸರು ಹಾಕಿರೋ ರೂಮನ್ನೂ ನೋಡುತ್ತಾ?"

"ಎಲ್ಲಾ ನೋಡುತ್ತೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಏನೂ ಆಗಲ್ಲ."

ಸತ್ಯವಂತನಿಗೆ ಇದೇ ಕಷ್ಟ. ನೂರಕ್ಕೆ ನೂರು ಎಂದಿದ್ದರೆ ಎಲ್ಲರೂ ಎದ್ದು ಹೋಗುತ್ತಿದ್ದರು. ಆ ಉಳಿದ ಒಂದು ಪಾಲು ಮೂವರ ಮುಖದ ಮೇಲೂ ನೊಣದಂತೆ ಬಂದು ಕೂತಿತು. ಮೂವರೂ ಏನೋ ಜ್ಞಾಪಿಸಿಕೊಂಡವರ ಹಾಗೆ ಬೇಗ ಬೇಗ ತಮ್ಮ ತಮ್ಮ ಜಾಗಕ್ಕೆ ಹೋದರು.

ಬೆಳಿಗ್ಗೆಯೆಲ್ಲ ದೊಡ್ಡ ಕಂಪ್ಯೂಟರು ತೇಕುತ್ತಿತ್ತು. ಯಾರೋ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡು ಬ್ಯಾಕಪ್ಪ ಕೇಂದ್ರ ಕಚೇರಿಯ ಪತ್ರವನ್ನು ಮೂರನೆಯ ಸಲ ಓದಿದ. ಊಟದ ಹೊತ್ತಿಗೆ ಎಂದಿನಂತೆ ಬಾಗಿಲು ಹಾಕಿಕೊಂಡ. ಅಂದು ಸಿಕ್ಕಿದ್ದರಲ್ಲಿ ಅವಳಿಗೆ ಶೀತವಾಗಿತ್ತು. ಒಂದೇ ವಾಕ್ಯವನ್ನು ಆರು ಸಲ ಓದಿ, ಆರನೆಯ ಸಲ ಸೀನಿ, "ಹೋಗ್ರೀ, ನಂಗಾಗಲ್ಲ, ನೀವೇ ಓದಿ" ಎಂದಳು. "ಇನ್ನೊಂದೇ ಪುಟ ಕಣೇ" ಎಂದು ಬ್ಯಾಕಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡೇ ಜೋರಾಗಿ ಉತ್ತರ ಕೊಟ್ಟ.

ಎರಡು ಗಂಟೆಗೆ ಕೆಲಸಕ್ಕೆ ಕೂತ. ಡಿಸ್ಕು ಬಿಡಿಸುವ ಮುನ್ನ ಇನ್ನೊಮ್ಮೆ ಖಾಲಿ ಜಾಗ ನೋಡಿದವನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ನೂರ ಮೂವತ್ತು ಇದ್ದ ಕಡೆ ನಾಲ್ಕು ಇತ್ತು.

ಮೆಟ್ಟಿಲು ಇಳಿಯುವುದೂ ಓಡುವುದೂ ಒಂದೇ ಆಯಿತು. ಫೋನಣ್ಣ ಯಾರೊಂದಿಗೋ ಮಾತಾಡುತ್ತಿದ್ದ. "ಬರುತ್ತಮ್ಮ, ಇವತ್ತು ಸಂಜೆ ಐದೂ ಅಧ್ಯಾಯ ಬರುತ್ತೆ. ಸೋಮವಾರದ ಪರೀಕ್ಷೆ ಅಂತ ನಂಗೆ ನೆನಪಿದೆ, ನೀನು ಅಳಬೇಡ." ಫೋನು ಇಟ್ಟು ಹೇಳಿದ, "ಕಾನೂನು ಪರೀಕ್ಷೆ ಹುಡುಗಿ. ಬೆಳಿಗ್ಗೆಯಿಂದ ಒಂಬತ್ತನೇ ಫೋನು. ಸಂಜೆ ಹೋಗುತ್ತೆ ತಾನೆ?"

"ಜಾಗ ಎಲ್ಲಿ ಹೋಯ್ತು?" ಬ್ಯಾಕಪ್ಪ ಮೂವರಿಗೂ ಕೇಳುವಂತೆ ಕೂಗಿದ. "ಬೆಳಿಗ್ಗೆ ಇದ್ದ ಜಾಗ ಈಗಿಲ್ಲ. ಇವತ್ತು ಯಾರಾದ್ರೂ ಏನಾದ್ರೂ ಕಾಪಿ ಮಾಡಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಫೋನಣ್ಣ ಇಟ್ಟ ಫೋನನ್ನೇ ಮತ್ತೆ ಎತ್ತಿ ಇಟ್ಟ. "ನಾನಾ? ನಂಗೇನು ಬರುತ್ತೆ ಕಾಪಿ ಮಾಡೋಕೆ." ಕತ್ತರಿಯಕ್ಕ ಪರದೆಗೆ ಬೆನ್ನು ಕೊಟ್ಟು ನಿಂತರು. "ಇಲ್ಲಪ್ಪ, ನಾನ್ಯಾಕೆ ಮಾಡಲಿ." ಮೇಡಂ ಮಾತ್ರ ರೇಗಿದರು. "ನನ್ನನ್ನೇ ಕೇಳ್ತೀರಾ? ನಿಯಮ ಮಾಡಿದವಳೇ ನಾನು."

"ತಪ್ಪು ಅಂತ ಕೇಳ್ತಿಲ್ಲ ಮೇಡಂ. ಯಾರಾದ್ರೂ ಇಟ್ಟಿದ್ರೆ ಒಂದು ಸಲ ಅಳಿಸಿಬಿಡಿ. ನಲವತ್ತೈದು ಬೇಕು. ನಾಲ್ಕು ಗಂಟೆ ಆದ್ರೆ ಒಂದು ತಿಂಗಳು ಒಂದು ಪುಸ್ತಕವೂ ಹೊರಗೆ ಹೋಗಲ್ಲ. ಆ ಹುಡುಗಿ ಪರೀಕ್ಷೆ... ಕೈ ಮುಗೀತೀನಿ."

ಅವನು ನಿಜವಾಗಿ ಕೈ ಮುಗಿದ. ಮೂವರೂ ನೆಲ ನೋಡಿದರು. ಕಣ್ಣು ಕಾಣದ ಫೋನಣ್ಣನೂ ನೆಲ ನೋಡಿದ. ಯಾರೂ ಒಪ್ಪಲಿಲ್ಲ.

ಮತ್ತೆ ಮೇಲೆ ಬಂದ. ಯಾರ ಫೋಲ್ಡರು ಎಷ್ಟು ಉಬ್ಬಿದೆ ಎಂದು ತೂಗಿ ನೋಡೋಣವೆಂದರೆ ಆ ಮುದಿ ಡಿಸ್ಕಿನಲ್ಲಿ ಲಕ್ಷಾಂತರ ಫೈಲು, ಎರಡು ಗಂಟೆಯ ಕೆಲಸ. ಆಗಲೇ ಎರಡೂಮುಕ್ಕಾಲು. ಪುಸ್ತಕಗಳನ್ನು ತೆಗೆಯೋಣವೆಂದರೆ ಒಂದೊಂದಕ್ಕೂ ಪ್ರಕಾಶಕರ ಒಪ್ಪಿಗೆ ಬೇಕು. ಕೇಂದ್ರ ಕಚೇರಿಗೆ ಫೋನ್ ಮಾಡಿ ಒಂದು ದಿನ ಬೇಡಿದ. "ನಾಲ್ಕು ಅಂದ್ರೆ ನಾಲ್ಕು ಸಾರ್. ನಿಮ್ಮಲ್ಲಿ ಬೇಡದ ಲಾಗು ಪಾಗು ಇರುತ್ತಲ್ಲ, ಅದನ್ನ ತೆಗೀರಿ" ಎಂದು ಅಲ್ಲಿಯ ಮನುಷ್ಯ ಉಪಾಯವನ್ನೂ ಹೇಳಿಕೊಟ್ಟ.

ಬ್ಯಾಕಪ್ಪ ಲೆಕ್ಕ ಹಾಕಿದ. ನಾಲ್ಕು ಮತ್ತು ನಲವತ್ತೆರಡು ನಲವತ್ತಾರು. ನಲವತ್ತೈದು ಬೇಕು. ಅರ್ಧ ಅಳಿಸಿದರೆ ಸಾಲದು, ಒಂದೆರಡನ್ನು ಉಳಿಸಿಕೊಳ್ಳೋಣವೆಂದರೂ ಉಳಿಯುವುದು ಒಂದೇ ಒಂದು ಜಿಬಿ. ಅದನ್ನಾದರೂ ಉಳಿಸಿಕೊಳ್ಳಬಹುದಿತ್ತಲ್ಲ ಎಂದು ಕೇಳುವಿರಿ. ಯಾವುದನ್ನು? ಶೀತವಾದ ದಿನದ್ದನ್ನೋ, ನಕ್ಕ ದಿನದ್ದನ್ನೋ? ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ, ಕೆಳಗಿಂದ ಮೇಲೆ ನೋಡಿದ. ಒಂದನ್ನು ಆರಿಸಿದರೆ ಉಳಿದವಳನ್ನು ತಾನೇ ಬೇಡವೆಂದ ಹಾಗಾಗುತ್ತದೆ ಅನ್ನಿಸಿತು. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಹೆಡ್‌ಫೋನು ಹಾಕಿಕೊಂಡು ಕೊನೆಯದನ್ನು ತೆರೆದ. ಕಾಯಿಲೆಗೆ ಹದಿನೈದು ದಿನ ಮುಂಚಿನದು. ಅವಳು ಎರಡು ಪುಟ ಓದಿ ನಿಲ್ಲಿಸಿದ್ದಳು. "ರೀ, ಯಾಕೋ ಬೇಗ ಸುಸ್ತಾಗುತ್ತೆ ಈಗೀಗ. ಒಂದು ಲೋಟ ನೀರು ಕೊಡಿ." ಕುರ್ಚಿ ಸರಿದ ಸದ್ದು. ನೀರು ಕುಡಿದ ಸದ್ದು. "ಹೂಂ, ಈಗ ಸರಿಹೋಯ್ತು. ಎಲ್ಲಿದ್ದೆ ನಾನು?" ಆ ದಿನ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಅವನು ನೀರು ಕೊಟ್ಟು ಮತ್ತೆ ರೆಕಾರ್ಡಿಂಗ್ ಒತ್ತಿದ್ದ. ಅದು ನೆನಪಾಗಿ ಬ್ಯಾಕಪ್ಪ ಮೇಜಿನ ಮೇಲೆ ತಲೆಯಿಟ್ಟು ಅತ್ತ.

ಆಮೇಲೆ, ಒಂಬತ್ತು ಸಲ ಫೋನ್ ಮಾಡಿದ ಆ ಗುರುತಿಲ್ಲದ ಹುಡುಗಿಯನ್ನು ನೆನೆಸಿಕೊಂಡು, ಕಣ್ಣೊರೆಸಿಕೊಂಡು, ಫೋಲ್ಡರನ್ನು ಅಳಿಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಹನ್ನೊಂದು ವರ್ಷ ಓದಿದವಳು ಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ.

ಖಾಲಿ ಜಾಗ ನೋಡಿದ. ನಲವತ್ತಾರು ಇರಬೇಕಾದ ಕಡೆ ನೂರ ಎಪ್ಪತ್ತೆರಡು ಇತ್ತು.

ಅಷ್ಟು ಎಲ್ಲಿಂದ ಬಂತೆಂದು ಯೋಚಿಸಲು ಪುರಸೊತ್ತಿರಲಿಲ್ಲ. ಡಿಸ್ಕು ಬಿಡಿಸಿದ, ಹಳೇ ಪಟ್ಟಿ ಅಳಿಸಿದ, ಜೋಡಿಸಿದ. ಅದು ತನ್ನ ಪಾಡಿಗೆ ಎಣಿಸಿಕೊಳ್ಳುತ್ತ ಹೋಗಿ, ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಮುಗಿಯಿತು. ಒಂದು ಪುಸ್ತಕಕ್ಕೂ ಕೂದಲು ಕೊಂಕಿರಲಿಲ್ಲ. ಕಾನೂನಿನ ಐದು ಅಧ್ಯಾಯ ಹುಡುಗಿಗೆ ಹೊರಟುಹೋದವು. ಕೇಂದ್ರ ಕಚೇರಿಯಿಂದ ಶಹಬ್ಬಾಸ್ ಎಂದು ಸಂದೇಶವೂ ಬಂತು. ಬ್ಯಾಕಪ್ಪ ಅದನ್ನು ಓದಲಿಲ್ಲ.

ನಾಲ್ಕೂಕಾಲಕ್ಕೆ ಮೆಟ್ಟಿಲ ಮೇಲೆ ಹೆಜ್ಜೆಸದ್ದು. ಮೂವರೂ ಬಂದರು. ಆ ಕೋಣೆಗೆ ಎಂದೂ ಹತ್ತದ ಮೇಡಂ ಮುಂದೆ, ಕೈಯಲ್ಲೊಂದು ಕಾಗದ. ಕತ್ತರಿಯಕ್ಕನ ಕೈಯಲ್ಲಿ ಎರಡು ಕುರ್ಚಿ. ಫೋನಣ್ಣನ ಕೈಯಲ್ಲಿ ಒಂದು ಲೋಟ ಚಹಾ, ಅರ್ಧ ಚೆಲ್ಲಿತ್ತು.

"ಕ್ಷಮಿಸಿಬಿಡಿ ಬ್ಯಾಕಪ್ಪ," ಮೇಡಂ ಕೂರದೆಯೇ ಶುರು ಮಾಡಿದರು. "ಜಾಗ ತಿಂದದ್ದು ನಾವೇ. ನಿಮ್ಮ ಮನೆಯವರ ದನಿ ನೀವು ಇಟ್ಕೊಂಡಿರೋದು ನಮಗೆಲ್ಲ ಗೊತ್ತು. ಆ ಒಂದು ಪಾಲು ಅಂದ್ರಲ್ಲ, ನಂಗೆ ಎದೆ ಹೊಡ್ಕೊಳ್ತು. ಅದೇನಾದ್ರೂ ಹೋಗಿಬಿಟ್ರೆ ನಿಮ್ಮ ಗತಿ ಏನು ಅಂತ ಒಂದು ಕಾಪಿ ನನ್ನ ಫೋಲ್ಡರಿಗೆ ಹಾಕ್ಕೊಂಡೆ. ನಿಯಮ ಮಾಡಿದವಳೇ ಮುರಿದೆ."

"ನಾನೂ ಒಂದು ಹಾಕ್ಕೊಂಡಿದ್ದೆ," ಎಂದರು ಕತ್ತರಿಯಕ್ಕ. "ಅವರ ಸೀನು, ನಗು ಎಲ್ಲ ಕತ್ತರಿಸಿದ ಪಾಪ ನನ್ನದೇ ಅಲ್ವಾ. ಅದಾದ್ರೂ ಉಳೀಲಿ ಅಂತ."

"ನಾನೂ," ಎಂದ ಫೋನಣ್ಣ. "ಊಟದ ಹೊತ್ತಲ್ಲಿ ನೀವು ಮಾತಾಡೋದು ಕೆಳಗೆ ನಂಗೆ ದಿನಾ ಕೇಳುತ್ತೆ ಅಣ್ಣ. ನೀವೊಬ್ರೇ ಮಾತಾಡ್ತೀರಿ. ಆ ಕಡೆಯಿಂದ ಏನು ಹೇಳ್ತಾರೋ ಅಂತ ದಿನಾ ಅಂದ್ಕೊಳ್ತೀನಿ."

"ಮೂವರೂ ಮಾಡಿದೀವಿ ಅಂತ ಒಬ್ರಿಗೊಬ್ರಿಗೆ ಗೊತ್ತೇ ಇಲ್ಲ," ಕತ್ತರಿಯಕ್ಕ ಕಣ್ಣೊರೆಸಿಕೊಂಡು ನಕ್ಕರು. "ನೀವು ಕೈ ಮುಗಿದ ಮೇಲೆ ಕೆಳಗೆ ಕೂತು ಬಾಯಿಬಿಟ್ವಿ. ಮೂರೂವರೆಗೆ ಮೂವರೂ ಒಟ್ಟಿಗೆ ಅಳಿಸಿದ್ವಿ. ನಮ್ಮದು ಹೋದ್ರೇನು, ಮೂಲ ನಿಮ್ಮ ಹತ್ರ ಇದ್ಯಲ್ಲ."

ಬ್ಯಾಕಪ್ಪ ಪರದೆಯನ್ನು ಗೋಡೆಯ ಕಡೆ ತಿರುಗಿಸಿದ.

ಮೇಡಂ ಕಾಗದವನ್ನು ಮೇಜಿನ ಮೇಲಿಟ್ಟು ಮಡಿಕೆ ಸರಿಮಾಡಿದರು. "ಇನ್ನು ನೀವು ಕಳ್ಳರ ಹಾಗೆ ಬಚ್ಚಿಡೋದು ಬೇಡ. ಕೇಂದ್ರ ಕಚೇರಿ ಜೊತೆ ಈಗಷ್ಟೇ ಜಗಳ ಆಡಿ ಒಪ್ಪಿಗೆ ತಗೊಂಡೆ. ಈ ರೆಕಾರ್ಡಿಂಗುಗಳನ್ನ ಶಾಶ್ವತವಾಗಿ ಇಟ್ಕೋಬಹುದು, ಬ್ಯಾಕಪ್ಪೂ ಮಾಡಬಹುದು. ಮುದ್ರೆ ಒತ್ತಿದೀನಿ. ನಿಮ್ಮದೊಂದು ಸಹಿ ಆದ್ರೆ ಆಯ್ತು."

"ಅದಕ್ಕೆ ಮುಂಚೆ ಒಂದು ಸಲ ಹಾಕಿ," ಎಂದು ಕತ್ತರಿಯಕ್ಕ ಕುರ್ಚಿ ಎಳೆದುಕೊಂಡರು. "ಒಂದೇ ಒಂದು. ಅವರು ನಗೋದು ಕೇಳಿ ವರ್ಷ ಆಗ್ತಾ ಬಂತು."

ಮೂವರೂ ಕಾದರು. ಇಡೀ ದಿನ ತೇಕಿದ್ದ ಕಂಪ್ಯೂಟರು ಈಗ ಸದ್ದಿಲ್ಲದೆ ಕೂತಿತ್ತು. ಬ್ಯಾಕಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಹೇಳಿದರೆ ಈ ಮೂವರೂ ಬದುಕಿರುವವರೆಗೆ ತಾವು ಅಳಿಸಿದ ಆ ಮೂರೂವರೆ ಗಂಟೆಯನ್ನು ಮರೆಯಲಾರರು. ಅವಳು ಹೋದದ್ದನ್ನು ಹೊತ್ತುಕೊಂಡು ತಿರುಗಲು ತಾನೊಬ್ಬನು ಸಾಲದೇ ಅನ್ನಿಸಿತು.

"ಇವತ್ತು ಬೇಡ ಅಕ್ಕಾ," ಎಂದ.

ಫೋನಣ್ಣ ಅವನ ದನಿ ಬಂದ ಕಡೆ ಏನೋ ಕೇಳಿಸಿದವನ ಹಾಗೆ ಮುಖ ತಿರುಗಿಸಿದ. ಆಮೇಲೆ ಮೆಲ್ಲಗೆ, "ಹೌದಕ್ಕ, ಅಣ್ಣನಿಗೆ ಸುಸ್ತಾಗಿದೆ, ಯಾರೂ ಒತ್ತಾಯ ಮಾಡಬೇಡಿ" ಎಂದ. ಚಹಾದ ಲೋಟವನ್ನು ತಡವಿ ತಡವಿ ಬ್ಯಾಕಪ್ಪನ ಕೈಗೇ ಇಟ್ಟ.

ಬ್ಯಾಕಪ್ಪ ಒಂದು ಗುಟುಕು ಕುಡಿದು ಕಾಗದವನ್ನು ಹತ್ತಿರ ಎಳೆದುಕೊಂಡ. 'ಮೇಲ್ಕಂಡ ಧ್ವನಿಮುದ್ರಣಗಳು, ಒಟ್ಟು ನಲವತ್ತೆರಡು ಜಿಬಿ, ನನ್ನ ವಶದಲ್ಲಿ ಸುಸ್ಥಿತಿಯಲ್ಲಿವೆ' ಎಂದು ಮೇಡಂ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಅದನ್ನು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದ.